ಇನ್‌ಹೇಲರ್‌ಗೆ ಜಗ್ಗದ ಉಸಿರಾಟದ ತೊಂದರೆ

ಪ್ರಿಯ ಓದುಗರೇ,

ನಿಮ್ಮ ಅಣ್ಣ 12 ದಿನ ವೆಂಟಿಲೇಟರ್‌ನಲ್ಲಿದ್ದು ಗುಣವಾಗಿ ಮನೆಗೆ ಬಂದರು. 2 ತಿಂಗಳ ನಂತರ ಮೆಟ್ಟಿಲು ಹತ್ತಿದರೆ ಏದುಸಿರು, ಉಸಿರೆಳೆದುಕೊಂಡಾಗ ಶಿಳ್ಳೆಯಂಥ ಸದ್ದು. ಆಸ್ತಮಾ ಎಂದು ಕೊಟ್ಟ ಇನ್‌ಹೇಲರ್‌ನಿಂದ ಏನೂ ಗುಣವಿಲ್ಲ, ಡೋಸ್ ಜಾಸ್ತಿ ಮಾಡಬೇಕಾ ಎಂದು ಕೇಳಿದ್ದೀರಿ.

ಡೋಸ್ ವಿಚಾರ ಆಮೇಲೆ. ಮೊದಲು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ತಡಮಾಡಬೇಡಿ. ಇನ್‌ಹೇಲರನ್ನು ನೀವಾಗಿ ನಿಲ್ಲಿಸಲೂ ಬೇಡಿ.

ಆಸ್ತಮಾದ ಸದ್ದು ಹೆಚ್ಚಾಗಿ ಉಸಿರು ಬಿಡುವಾಗ ಕೇಳುತ್ತದೆ. ಎಳೆದುಕೊಳ್ಳುವಾಗ ಕೇಳಿದರೆ ತೊಂದರೆ ಮೇಲೆ, ಗಂಟಲಿನ ಹತ್ತಿರ ಇರಬಹುದು. ಗಂಟಲ ಮೂಲಕ ಶ್ವಾಸನಾಳಕ್ಕೆ ಇಳಿಸುವ ವೆಂಟಿಲೇಟರ್ ಕೊಳವೆಯ ಸುತ್ತ ಗಾಳಿ ತುಂಬುವ ಪುಟ್ಟ ಬಲೂನ್ ಇರುತ್ತದೆ. ಅದರ ಒತ್ತಡ 30 ಸೆಂ.ಮೀ. ಎತ್ತರದ ನೀರಿನ ಒತ್ತಡವನ್ನು ದಾಟಿದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಹುಣ್ಣಾಗುತ್ತದೆ. ಹುಣ್ಣು ಮಾಯುತ್ತಾ ಗಟ್ಟಿ ಕಲೆಯಾಗಿ ದಾರಿಯನ್ನು ಬಿಗಿಯುತ್ತದೆ. ಇದಕ್ಕೆ ವಾರಗಳೇ ಬೇಕು. ಅದಕ್ಕೇ ಮನೆಗೆ ಬಂದಾಗ ಚೆನ್ನಾಗಿದ್ದವರು ಆಮೇಲೆ ಏದುಸಿರು ಬಿಡುತ್ತಾರೆ. ಧ್ವನಿಪೆಟ್ಟಿಗೆಯ ಬುಡದಲ್ಲಿರುವ ಕ್ರಿಕಾಯ್ಡ್ ಎಂಬ ಮೃದ್ವಸ್ಥಿ ಎಲ್ಲೂ ಬಿರುಕಿಲ್ಲದ ಪೂರ್ತಿ ಬಳೆ. ಅಲ್ಲಿ ಊದಿಕೊಂಡರೆ ಒಳಗೇ ಊದಬೇಕು. ದಾರಿಯ ಅಗಲ ಅರ್ಧವಾದರೆ ಗಾಳಿಗೆ ತಡೆ ಕನಿಷ್ಠ 16 ಪಟ್ಟು ಏರುತ್ತದೆ. ಇನ್‌ಹೇಲರ್ ಈ ಕಲೆಯನ್ನು ಕರಗಿಸಲಾರದು, ಅಲ್ವಾ?

ಮೂಗಿನಿಂದ ತೆಳು ಕ್ಯಾಮೆರಾ ಇಳಿಸಿ ಧ್ವನಿತಂತುಗಳನ್ನು ನೋಡುತ್ತಾರೆ. ಸಿ.ಟಿ. ಸ್ಕ್ಯಾನ್ ಕೂಡ ನೆರವಾಗುತ್ತದೆ. ಆದರೆ ಅರಿವಳಿಕೆ ಕೊಟ್ಟು, ಒಳಗೆ ನೋಡಿ, ಕಲೆ ಎಷ್ಟು ಉದ್ದ, ಎಷ್ಟು ಬಿಗಿ ಎಂದು ಅಳೆಯುವುದೇ ಮುಖ್ಯ ಪರೀಕ್ಷೆ. ಧ್ವನಿತಂತುಗಳು ಅಲುಗಾಡದಿದ್ದರೆ ನರ ಸೋತಿರಬಹುದು, ಇಲ್ಲವೇ ಕಲೆ ಅವನ್ನು ಕಟ್ಟಿಹಾಕಿರಬಹುದು. ನೋಡಲು ಎರಡೂ ಒಂದೇ ತರಹ, ಚಿಕಿತ್ಸೆ ಮಾತ್ರ ಬೇರೆ. ಧ್ವನಿತಂತುಗಳನ್ನು ಅಲುಗಾಡಿಸುವ ಕೀಲನ್ನು ಮುಟ್ಟಿ ಅಲುಗಾಡಿಸಿ ನೋಡಿದರೇ ಗೊತ್ತಾಗುವುದು.

ಕಲೆ ತೆಳುವಾಗಿದ್ದು ಗಿಡ್ಡವಾಗಿದ್ದರೆ ಲೇಸರ್‌ನಿಂದ ಸೀಳಿ, ಬಲೂನ್‌ನಿಂದ ಹಿಗ್ಗಿಸಿ, ಸ್ಟೀರಾಯ್ಡ್ ಚುಚ್ಚುತ್ತಾರೆ. ಮತ್ತೆ ಬಿಗಿಯುವುದುಂಟು, ಆಗ ಮತ್ತೆ ಮಾಡಬೇಕು. ದಪ್ಪ, ಉದ್ದ ಕಲೆಯಾದರೆ ಆ ಭಾಗವನ್ನೇ ಕತ್ತರಿಸಿ ತುದಿಗಳನ್ನು ಸೇರಿಸುವ ಶಸ್ತ್ರಚಿಕಿತ್ಸೆಯಿದೆ. ದೊಡ್ಡದೇ, ಆದರೆ ಸರಿಯಾದ ರೋಗಿಗೆ ಬಹಳ ಚೆನ್ನಾಗಿ ಫಲ ಕೊಡುತ್ತದೆ. ಸದ್ಯಕ್ಕೆ ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಇಡಬೇಕು ಎಂದರೆ ಎದೆಗುಂದಬೇಡಿ, ಎಷ್ಟೋ ಜನರಿಗೆ ಅದನ್ನು ಮುಂದೆ ತೆಗೆಯುತ್ತಾರೆ.

ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿರಲಿ. ಸುಮ್ನೆ ಕೂತಾಗಲೂ ಆ ಸದ್ದು ಕೇಳಿಸಿತೋ, ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಆಗಲೇ ತುರ್ತು ವಿಭಾಗಕ್ಕೆ ಕರೆದೊಯ್ದು, ‘ಇವರಿಗೆ 12 ದಿನ ಗಂಟಲಲ್ಲಿ ಕೊಳವೆ ಇತ್ತು’ ಎಂದು ಮೊದಲ ಮಾತಲ್ಲೇ ಹೇಳಿ.

— ಸಂಪಾದಕ