ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಹಾಗಾದ್ರೆ ಇಂಗ್ಲಿಷ್?

ಬಾಗೇಪಲ್ಲಿಗೆ ವರ್ಗ ಆಗಿದೆ, ಊರೆಲ್ಲ ತೆಲುಗು ಮಾತಾಡುವ ಕಡೆ ಮಗಳ ಇಂಗ್ಲಿಷ್ ಗತಿ ಏನು ಅಂತ ಕೇಳಿದ್ದೀರಿ. ಏನೂ ಆಗಲ್ಲ, ಧೈರ್ಯವಾಗಿ ಬನ್ನಿ. ಇಲ್ಲಿ ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡಿದವರೇ ತಾಲ್ಲೂಕು ಕಚೇರಿಗೆ ಹೋಗಿ ಕನ್ನಡದಲ್ಲಿ ಅರ್ಜಿ ಕೊಡುತ್ತಾರೆ. ಶ್ರೀನಿವಾಸಪುರ, ಮುಳಬಾಗಿಲು, ತುಮಕೂರು ಜಿಲ್ಲೆಯ ಪಾವಗಡ, ಎಲ್ಲ ಕಡೆ ಹೀಗೇ. ಕೆ.ಜಿ.ಎಫ್.ನಲ್ಲಿ ತೆಲುಗಿನ ಜಾಗಕ್ಕೆ ತಮಿಳು ಬರುತ್ತೆ. ಮಾಲೂರು ತಾಲ್ಲೂಕಿನ ಮಾಸ್ತಿಯವರನ್ನೇ ನೋಡಿ. ಮನೆಮಾತು ತಮಿಳು, ಎಂ.ಎ. ಮಾಡಿದ್ದು ಇಂಗ್ಲಿಷ್ ಸಾಹಿತ್ಯದಲ್ಲಿ, ಜ್ಞಾನಪೀಠ ಬಂದದ್ದು ಕನ್ನಡದ ಬರವಣಿಗೆಗೆ.

ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಶುರುವಾಗಿದ್ದು 2007ರಲ್ಲಿ. ಅದಕ್ಕೆ ಮೊದಲು ಐದನೇ ಕ್ಲಾಸಿಗೆ ಬಂದ ಮೇಲೇ ಎ, ಬಿ, ಸಿ, ಡಿ. 

ಸಂಜೆ ಹೊತ್ತು ನಮ್ಮ ಜಗಲಿಯಲ್ಲಿ ಬೀದಿಯ ಮಕ್ಕಳು ಓದಲು ಕೂರುತ್ತಾರೆ. ಅವರನ್ನು ನೋಡಿ ಹೇಳುತ್ತೇನೆ, ಪದಗಳಿಗೆ ಬರ ಇಲ್ಲ. ಟೊಮೊಟೊ ಬೆಳೆಯುವ ಮನೆಯ ಹುಡುಗನಿಗೆ ಡ್ರಿಪ್, ಮಲ್ಚಿಂಗ್, ಬಾಕ್ಸ್, ಲೋಡ್, ಕಮಿಷನ್, ಕೋಲಾರ ಮಾರ್ಕೆಟ್ ರೇಟ್ ಎಲ್ಲ ಗೊತ್ತು. ಒಂದು ವಾಕ್ಯ ಹೇಳು ಅಂದರೆ ಮಾತ್ರ ಬಾಯಿ ಕಟ್ಟುತ್ತೆ. ತೊಡಕು ಇರುವುದು ಈಸ್, ಡಸ್, ಟು, ದ ಅನ್ನೋ ಚಿಲ್ಲರೆ ಪದಗಳಲ್ಲಿ. ಹಾಗಾಗಿ ದಿನಕ್ಕೆ ಇಷ್ಟು ಪದ ಅಂತ ಬಾಯಿಪಾಠ ಮಾಡಿಸುವುದು ನನಗೆ ಅಷ್ಟಾಗಿ ಸೇರಲ್ಲ. ಕಾಲಗಳ (ಟೆನ್ಸ್) ಪಟ್ಟಿಯೂ ಅಷ್ಟೇ. ಪಟ್ಟಿ ಪೂರ್ತಿ ಒಪ್ಪಿಸುವ ಮಕ್ಕಳು 'ನಿನ್ನೆ ಯಾಕೆ ಬರಲಿಲ್ಲ?' ಅಂತ ಇಂಗ್ಲಿಷಿನಲ್ಲಿ ಕೇಳಲಾರರು.

ನಾವು ಮಾಡುವುದು ಇಷ್ಟು. ನೋಟ್‌ಬುಕ್ಕಿನ ಹಾಳೆಯಲ್ಲಿ ಎರಡು ಗೆರೆ ಎಳೆದು ಮೂರು ಕಾಲಂ. ಮೊದಲನೆಯದರಲ್ಲಿ ಮನೆಯಲ್ಲಿ ಆಡಿದ ಮಾತು, ಕನ್ನಡ ಅಕ್ಷರದಲ್ಲೇ: 'ಮಾ ನಾಯನ ಮಾರ್ಕೆಟ್‌ಕು ಪೋಯಿನಾಡು.' ಎರಡನೆಯದರಲ್ಲಿ 'ನಮ್ಮಪ್ಪ ಮಾರ್ಕೆಟ್ಟಿಗೆ ಹೋದರು.' ಮೂರನೆಯದರಲ್ಲಿ 'ಮೈ ಫಾದರ್ ವೆಂಟ್ ಟು ದ ಮಾರ್ಕೆಟ್.' ತೆಲುಗಿನ 'ಕು', ಕನ್ನಡದ 'ಗೆ' ಎರಡೂ ಪದದ ಬಾಲಕ್ಕೆ ಅಂಟಿಕೊಂಡಿವೆ. ಇಂಗ್ಲಿಷಿನ 'ಟು' ಪದಕ್ಕಿಂತ ಮೊದಲೇ ಬಂದು ನಿಂತಿದೆ. ಹೋದದ್ದು ನಮ್ಮಲ್ಲಿ ಕೊನೆಗೆ, ಅವರಲ್ಲಿ ನಡುವೆ. ಇದನ್ನು ನಾನು ಹೇಳಿಕೊಡಲ್ಲ, ಮಕ್ಕಳೇ ಬೆರಳಿಟ್ಟು ತೋರಿಸುತ್ತಾರೆ.

ಆಮೇಲೆ ಅದೇ ವಾಕ್ಯವನ್ನು ತಿರುಗಿಸುವುದು. ಹೋಗಲಿಲ್ಲ ಅಂದರೆ 'ಡಿಡ್ ನಾಟ್ ಗೋ'. ಹೋದರಾ ಅಂದರೆ 'ಡಿಡ್ ಯುವರ್ ಫಾದರ್ ಗೋ?' ಇಲ್ಲಿ ಎಲ್ಲರೂ 'ಡಿಡ್ ಯುವರ್ ಫಾದರ್ ವೆಂಟ್' ಅಂತಲೇ ಶುರು ಮಾಡುತ್ತಾರೆ. ಡಿಡ್ ಬಂತೆಂದರೆ ವೆಂಟ್ ಮನೆಗೆ ಹೋಗಬೇಕು, ಗೋ ಬರಬೇಕು ಅಂತ ದಿನಾ ಹೇಳುತ್ತಿರಬೇಕು. ಇದೊಂದು ಕೂತರೆ ಅರ್ಧ ಕೆಲಸ ಆದ ಹಾಗೆ.

ಇಲ್ಲಿನ ಚಿಕ್ಕ ಮಕ್ಕಳು ಕನ್ನಡದಲ್ಲಿ 'ಅಮ್ಮ ಬಂತು' ಅಂದರೆ ನಗಬೇಡಿ. ತೆಲುಗಿನಲ್ಲಿ ಅಮ್ಮನೂ 'ವಚ್ಚಿಂದಿ', ನಾಯಿಯೂ 'ವಚ್ಚಿಂದಿ'. ಶಾಲೆಗೆ ಬಂದ ಮೇಲೆ ಬಂದ, ಬಂದಳು, ಬಂತು, ಬಂದರು, ಬಂದವು ಅಂತ ಒಂದೊಂದಾಗಿ ಕಲಿತಿರುತ್ತಾರೆ. ಇಂಗ್ಲಿಷಿನಲ್ಲಿ ಇಷ್ಟಕ್ಕೂ 'ಕೇಮ್' ಒಂದೇ ಸಾಕು ಅಂದಾಗ ಅವರ ಮುಖ ನೋಡಬೇಕು. ಅಷ್ಟೇನಾ ಸಾರ್ ಅಂತಾರೆ! ಆ ಖುಷಿಯಲ್ಲಿರುವಾಗಲೇ ಹೀ, ಶೀ, ಇಟ್ ಜೊತೆ ಬರುವ 'ಎಸ್' ಹೇಳಿಬಿಡಬೇಕು: ಐ ಕಮ್, ಶೀ ಕಮ್ಸ್. ನಾವು ದೊಡ್ಡವರೂ ಮರೆಯುವುದು ಇದನ್ನೇ ಅಲ್ವಾ?

'ನನಗೆ ಇಬ್ಬರು ತಂಗಿಯರಿದ್ದಾರೆ' ಅನ್ನುವುದು 'ಟು ಮೀ ಟು ಸಿಸ್ಟರ್ಸ್ ಆರ್ ದೇರ್' ಆಗುವುದು ಮಾಮೂಲು. 'ಐ ಹ್ಯಾವ್' ಸುಮ್ನೆ ಹೇಳಿ ಹೇಳಿ ಬಾಯಿಗೆ ಹತ್ತಬೇಕು, ಬೇರೆ ದಾರಿ ಇಲ್ಲ. 'ಎ', 'ದ' ಬಿಟ್ಟರೆ ನಾನು ಮೊದಮೊದಲು ಗದರುವುದಿಲ್ಲ. ತೆಲುಗಿನಲ್ಲಿಲ್ಲ, ಕನ್ನಡದಲ್ಲಿಲ್ಲ, ಮಕ್ಕಳಾದರೂ ಎಲ್ಲಿಂದ ತರಬೇಕು?

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಲೇ ಅಂತಲೂ ಕೇಳಿದ್ದೀರಿ. ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿ ಕೆಲಸಕ್ಕೆ ಇಂಟರ್‌ವ್ಯೂ ಇರುವ ಹುಡುಗರು ಹೋಗುತ್ತಾರೆ, ಅವರಿಗೆ ತುರ್ತು. ಆರನೇ ಕ್ಲಾಸಿನ ಹುಡುಗಿಗೆ ಈಗಲೇ ದುಡ್ಡು ಸುರಿಯಬೇಡಿ. 'ಮೈಸೆಲ್ಫ್' ಅಂತ ಶುರು ಮಾಡುವ ಪರಿಚಯವನ್ನು ಗಿಳಿಪಾಠ ಮಾಡಿಸಿ ಕಳಿಸುವ ಕ್ಲಾಸುಗಳೂ ಇವೆ. ಎಸ್ಸೆಸ್ಸೆಲ್ಸಿಗೆ ಇನ್ನೂ ನಾಲ್ಕು ವರ್ಷ ಇದೆ. ಸದ್ಯಕ್ಕೆ ದಿನಾ ಐದು ವಾಕ್ಯ, ಅವಳದೇ ಮನೆಯ ಸುದ್ದಿ, ಒಂದು ಸಲ ಇಲ್ಲ ಅಂತ, ಒಂದು ಸಲ ಪ್ರಶ್ನೆಯಾಗಿ ಬರೆಸಿ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ನಿಮ್ಮ ಮನೆಮಾತು ಕನ್ನಡವೇ ಆದ್ದರಿಂದ ಕನ್ನಡ, ಇಂಗ್ಲಿಷ್ ಎರಡೇ ಕಾಲಂ ಸಾಕು. ತೆಲುಗನ್ನು ಅವಳು ಹೇಗೂ ಆಟ ಆಡುತ್ತಲೇ ಕಲಿಯುತ್ತಾಳೆ, ಅದನ್ನು ಬೇಡ ಅನ್ನಬೇಡಿ.