ಚೆಸ್ ಪ್ರಶ್ನೋತ್ತರ: ಒಂದು ಪದಾತಿ ಕಡಿಮೆಯಿದ್ದೂ ಡ್ರಾ

ಪ್ರಶ್ನೆ: ಒಂಬತ್ತನೇ ಇಯತ್ತೆಯ ನನ್ನ ಮಗ (ರೇಟಿಂಗ್ 1500) ಕಲಬುರಗಿಯ ಟೂರ್ನಿಯಲ್ಲಿ 1800 ರೇಟಿಂಗಿನ ಹಿರಿಯರೊಬ್ಬರ ಜೊತೆ ಡ್ರಾ ಮಾಡಿಕೊಂಡ. ಕೊನೆಗೆ ಅವರಿಗೆ ಆನೆ, ಒಂದು ಪದಾತಿ. ಇವನಿಗೆ ಬರೀ ಆನೆ. ‘ಹುಡುಗ ಅಂತ ಬಿಟ್ಟುಕೊಟ್ಟಾರ’ ಅನ್ನುತ್ತಾರೆ ಮಂದಿ. ನಿಜವೇ? ರೇಟಿಂಗ್ ಎಷ್ಟು ಏರುತ್ತದೆ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಮಂದಿಯ ಮಾತು ಬಿಡಿ. ರಾಜ ಪದಾತಿಯ ದಾರಿಗೆ ಅಡ್ಡ ನಿಂತಿದ್ದು, ಆನೆಯಿಂದ ಕಾಯುವುದು ಗೊತ್ತಿದ್ದರೆ ಗ್ರ್ಯಾಂಡ್‌ಮಾಸ್ಟರ್ ಕೂಡ ಗೆಲ್ಲಲಾರರು. 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ತೋರಿಸಿಕೊಟ್ಟ ಕಾವಲು ಇದು. ಮಣೆಯ ಮೇಲೆ ಹೂಡಿ ನೋಡಿ (ಅಕ್ಷರ ಬಿಳಿಯವರ ಎಡದಿಂದ ಎಣಿಸುವ ಉದ್ದ ಸಾಲು, ಅಂಕಿ ಬಿಳಿಯವರ ಕಡೆಯಿಂದ ಎಣಿಸುವ ಅಡ್ಡ ಸಾಲು): ಬಿಳಿ ರಾಜ ಡಿ5, ಪದಾತಿ ಇ5, ಆನೆ ಎಚ್7; ಕರಿ ರಾಜ ಇ8, ಆನೆ ಬಿ6. ಕರಿ ಆನೆ ಆರನೇ ಸಾಲು ಬಿಡದೆ ಎ6, ಬಿ6, ಜಿ6 ಎಂದು ಓಡಾಡಿಕೊಂಡಿದ್ದರೆ ಬಿಳಿ ರಾಜನಿಗೆ ಮುಂದೆ ಕಾಲಿಡಲು ಜಾಗವಿಲ್ಲ. ಪದಾತಿಯನ್ನು ಇ6ಕ್ಕೆ ನೂಕಿದ ಕೂಡಲೇ ಆನೆ ಬಿ1ಕ್ಕೆ ಇಳಿಯಬೇಕು. ಆಗ ಬಿಳಿ ರಾಜ ಡಿ6ಕ್ಕೆ ಬಂದು, ಆನೆಯಿಂದ ಎಚ್8ರಲ್ಲಿ ಮೇಟ್ ಮಾಡುವ ಬೆದರಿಕೆ ಹೂಡಿದರೂ ಡಿ1ರಿಂದ ಚೆಕ್, ಇ5ಕ್ಕೆ ಸರಿದರೆ ಇ1ರಿಂದ ಚೆಕ್. ಪದಾತಿ ಮುಂದೆ ಹೋಗಿರುವುದರಿಂದ ರಾಜನಿಗೆ ಮರೆ ಸಿಗುವುದಿಲ್ಲ.

ಗಡಿಬಿಡಿಯಲ್ಲಿ ಪದಾತಿ ಇ6ಕ್ಕೆ ಬರುವ ಮೊದಲೇ ಆರನೇ ಸಾಲು ಬಿಟ್ಟರೆ ಬಿಳಿ ರಾಜ ಒಳಗೆ ನುಗ್ಗುತ್ತಾನೆ. ಆಮೇಲೆ ಡ್ರಾ ಉಳಿಸುವುದು ಬಹಳ ಕಷ್ಟ. ಆನೆಯನ್ನು ಎಂಟನೇ ಸಾಲಿನಲ್ಲೇ ಕಟ್ಟಿಹಾಕಿ ಕೂರುವುದಂತೂ ನಡುಮಣೆಯ ಪದಾತಿಯ ಎದುರು ಸೋಲೇ.

ಇನ್ನು ರೇಟಿಂಗ್. 300 ಅಂತರವಿದ್ದಾಗ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ಪಟ್ಟಿಯಂತೆ ಇವನಿಂದ ನಿರೀಕ್ಷಿಸುವುದು 0.15 ಅಂಕ, ಡ್ರಾದಿಂದ ಬಂದದ್ದು 0.5. ವ್ಯತ್ಯಾಸ 0.35. ಹದಿನೆಂಟರೊಳಗಿನವರಿಗೆ ಈ ಮಟ್ಟದಲ್ಲಿ ಗುಣಕ (ವ್ಯತ್ಯಾಸವನ್ನು ಗುಣಿಸುವ ಸಂಖ್ಯೆ) 40, ಆದ್ದರಿಂದ 14 ಏರುತ್ತದೆ. ಎದುರಾಳಿಯ ಗುಣಕ 20 ಆಗಿದ್ದರೆ ಅವರಿಗೆ 7 ಇಳಿಯುತ್ತದೆ. ಸುಮ್ಮನೆ ಬಿಟ್ಟುಕೊಡುವ ಲೆಕ್ಕವಲ್ಲ ಇದು.

ಒಂದು ಎಚ್ಚರಿಕೆ: ಬಲವಾದವರ ಎದುರು ಮೊದಲಿನಿಂದಲೇ ಡ್ರಾಗೆಂದು ಕಾಯಿ ಹೊಡೆದಾಡಿಕೊಳ್ಳುವುದು ಬೇಡ. ಕೊನೆಯಾಟದಲ್ಲೇ ಅವರ ಕೈ ಹೆಚ್ಚು ಪಳಗಿರುತ್ತದೆ. ಒಂದು ಪದಾತಿ ಹಿಂದೆ ಬಿದ್ದಿದ್ದರೆ ಪದಾತಿಗಳನ್ನೇ ಬದಲಿಸಿಕೊಳ್ಳುತ್ತ ಹೋಗಲಿ. ಉಳಿದವು ಕಡಿಮೆಯಾದಷ್ಟೂ ಕಾಯುವುದು ಸುಲಭ.

ಪ್ರಶ್ನೆ: ಒಂದೇ ಸ್ಥಿತಿ ಮೂರನೇ ಸಲ ಬಂತು. ನಡೆ ಆಡಿ, ಗಡಿಯಾರ ಒತ್ತಿ, ಆಮೇಲೆ ಡ್ರಾ ಕೇಳಿದೆ. ಆರ್ಬಿಟರ್ (ಪಂದ್ಯದ ತೀರ್ಪುಗಾರ) ಒಪ್ಪಲಿಲ್ಲ. ಏಕೆ?
– ಓದುಗರು, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳುವ ಹಕ್ಕು ಇರುವುದು ನಡೆಯ ಸರದಿ ಯಾರದೋ ಅವರಿಗೆ. ಒತ್ತಿದ ಮೇಲೆ ಸರದಿ ಎದುರಾಳಿಯದು. ನಿಮ್ಮ ನಡೆಯಿಂದ ಮೂರನೇ ಸಲ ಬರುವುದಿದ್ದರೆ ಕಾಯಿ ಮುಟ್ಟದೆ ಆ ನಡೆಯನ್ನು ಸ್ಕೋರ್‌ಶೀಟಿನಲ್ಲಿ ಬರೆಯಿರಿ, ಗಡಿಯಾರ ನಿಲ್ಲಿಸಿ, ಆರ್ಬಿಟರನ್ನು ಕರೆಯಿರಿ. ಮೂರೂ ಸಲ ಒಂದರ ಹಿಂದೊಂದು ಬರಬೇಕಿಲ್ಲ. ಆದರೆ ಸರದಿ ಒಬ್ಬರದೇ ಆಗಿರಬೇಕು, ಕ್ಯಾಸ್ಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಸರಿಯುವುದು) ಹಕ್ಕೂ ಬದಲಾಗಿರಬಾರದು. ದಾವೆ ತಪ್ಪಾದರೆ ಎದುರಾಳಿಗೆ 2 ನಿಮಿಷ ಹೆಚ್ಚುವರಿ ಸಿಗುತ್ತದೆ, ಬರೆದ ನಡೆಯನ್ನೇ ಆಡಬೇಕು. ಐದನೇ ಸಲ ಬಂದರೆ ಮಾತ್ರ ಯಾರೂ ಕೇಳದಿದ್ದರೂ ಆಟ ಡ್ರಾ.