ಸರ್ವರ್ ಬದಲಿಸಿದ ಮೇಲೆ ಕನ್ನಡ ಕೆಟ್ಟರೆ

ಮೇಡಂ, ಹಳೆಯ ಸರ್ವರನ್ನು ದಯವಿಟ್ಟು ಈಗಲೇ ಅಳಿಸಬೇಡಿ. ತಾಣವನ್ನು ಹೊಸ ಸರ್ವರಿಗೆ ಸಾಗಿಸಿದ ಮೇಲೆ ನಿಮ್ಮ ಸೋಬಾನೆ ಪದಗಳ ಸಂಗ್ರಹ ಹೋಗಿಬಿಟ್ಟಿದೆ ಎಂದು ಬರೆದಿದ್ದೀರಿ. ಹೋಗಿಲ್ಲ. ನೀವು ಹಾಕಿದ ಚಿತ್ರದಲ್ಲಿ ಪ್ರತಿ ಕನ್ನಡ ಅಕ್ಷರದ ಜಾಗದಲ್ಲೂ ತಲೆಯ ಮೇಲೆ ಗೆರೆಯಿರುವ ಲ್ಯಾಟಿನ್ 'ಎ' ಕಾಣುತ್ತಿದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ನಾನೂ ಗಾಬರಿಯಾಗುತ್ತಿದ್ದೆ.

ಆಗಿರುವುದು ಇಷ್ಟು. ನಿಮ್ಮ ತಾಣದ ಬರಹವನ್ನು ಕೋಷ್ಟಕಗಳಲ್ಲಿ ಇಡುವ ತಂತ್ರಾಂಶ ಮೈಎಸ್‌ಕ್ಯೂಎಲ್. ಅದರ 8.0 ಆವೃತ್ತಿಗಿಂತ ಮೊದಲು ಬೇರೇನೂ ಹೇಳದಿದ್ದರೆ ಕೋಷ್ಟಕಗಳು ಲ್ಯಾಟಿನ್1, ಅಂದರೆ ಕನ್ನಡವಿಲ್ಲದ ಹಳೆಯ ಅಕ್ಷರ ಸಂಕೇತದಲ್ಲೇ ಹುಟ್ಟುತ್ತಿದ್ದವು. ತಾಣವನ್ನು ನಡೆಸುವ ನಿಮ್ಮ ವರ್ಡ್‌ಪ್ರೆಸ್ ಅವುಗಳೊಳಗೆ ಯುಟಿಎಫ್-8 (ಎಲ್ಲ ಲಿಪಿಗಳಿಗೂ ಒಗ್ಗುವ ಸಂಕೇತ) ಬೈಟ್‌ಗಳನ್ನು ತುಂಬಿ, ಹಾಗೆಯೇ ಹಿಂದಕ್ಕೆ ಓದುತ್ತಿತ್ತು. ತಪ್ಪು ಹಣೆಪಟ್ಟಿ ಎರಡೂ ಕಡೆ ಒಂದೇ ಇದ್ದುದರಿಂದ ಕನ್ನಡ ಸರಿಯಾಗಿ ಕಾಣುತ್ತಿತ್ತು. ಸಾಗಿಸಲು ಡಂಪ್, ಅಂದರೆ ಇಡೀ ಡೇಟಾಬೇಸಿನ ಪ್ರತಿಯ ಕಡತ, ತೆಗೆಯುವಾಗ ಸರ್ವರ್ ಆ ಹಣೆಪಟ್ಟಿಯನ್ನು ನಂಬಿ ಎಲ್ಲವನ್ನೂ ಇನ್ನೊಮ್ಮೆ ಯುಟಿಎಫ್-8ಕ್ಕೆ ಪರಿವರ್ತಿಸಿತು.

ಖಚಿತಪಡಿಸಿಕೊಳ್ಳಲು ಹೊಸ ಸರ್ವರಿನಲ್ಲಿ 'ಕ' ಅಕ್ಷರದಿಂದ ಆರಂಭವಾಗುವ ಒಂದು ಶೀರ್ಷಿಕೆಯ ಹೆಕ್ಸ್ (ಒಳಗಿನ ಬೈಟ್‌ಗಳನ್ನು ತೋರಿಸುವ ಹದಿನಾರರ ಅಂಕಿಗಳು) ನೋಡಿ. ಮೊದಲಿಗೆ 'ಇ0 ಬಿ2 95' ಇದ್ದರೆ ದತ್ತಾಂಶ ಸರಿಯಿದೆ, ಸಂಪರ್ಕದ ಅಕ್ಷರ ಸಂಕೇತ ಮಾತ್ರ ತಪ್ಪಿದೆ. 'ಸಿ3 ಎ0 ಸಿ2 ಬಿ2' ಎಂದಿದ್ದರೆ ನಾನು ಹೇಳಿದ ಇಮ್ಮಡಿ ಪರಿವರ್ತನೆಯೇ. ಪ್ರಶ್ನಾರ್ಥಕ ಚಿಹ್ನೆಯ ಬೈಟ್ '3ಎಫ್' ಸಾಲಾಗಿ ಬಂದರೆ ಆ ಪ್ರತಿಯಲ್ಲಿ ಅಕ್ಷರ ಅಳಿದಿದೆ, ಹಳೆಯ ಸರ್ವರೇ ಗತಿ.

ಇಮ್ಮಡಿ ಪರಿವರ್ತನೆಯಾಗಿದ್ದರೆ ಹಳೆಯ ಸರ್ವರಿನಿಂದ ಹೊಸದಾಗಿ ಡಂಪ್ ತೆಗೆಯಿರಿ. ಡಂಪ್ ತೆಗೆಯುವ ಆಜ್ಞೆಯಾದ ಮೈಎಸ್‌ಕ್ಯೂಎಲ್‌ಡಂಪ್‌ಗೆ ಡಿಫಾಲ್ಟ್ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಎಂದು ಕೊಟ್ಟು, ಸ್ಕಿಪ್ ಸೆಟ್ ಚಾರ್‌ಸೆಟ್ ಆಯ್ಕೆಯನ್ನೂ ಸೇರಿಸಿ. ಈಗ ಕಡತವನ್ನು ತೆರೆದರೆ ಕನ್ನಡ ಚೆನ್ನಾಗಿ ಓದಲು ಸಿಗಬೇಕು, ಸಿಗದಿದ್ದರೆ ಮುಂದುವರಿಯಬೇಡಿ. ಕೋಷ್ಟಕಗಳ ವಿವರಣೆಯಲ್ಲಿರುವ ಲ್ಯಾಟಿನ್1 ಅನ್ನು ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಎಂದು ಬದಲಿಸಿ, ಅದೇ ಸಂಕೇತದಲ್ಲಿ ಖಾಲಿ ಡೇಟಾಬೇಸಿಗೆ ತುಂಬಿಸಿ. ವರ್ಡ್‌ಪ್ರೆಸ್ ಸಂರಚನಾ ಕಡತದ ಡಿಬಿ ಚಾರ್‌ಸೆಟ್ ಕೂಡ ಅದೇ ಆಗಿರಲಿ.

ಅಂತರಜಾಲದ ಅಕ್ಷರ ದುರಸ್ತಿ ಸಾಧನಗಳಿಗೆ ಮಾತ್ರ ಪಠ್ಯವನ್ನು ಕೊಡಬೇಡಿ. ನಾನು ಒಮ್ಮೆ ಕೊಟ್ಟು, ಒತ್ತಕ್ಷರಗಳೆಲ್ಲ ಒಡೆದು, ಎರಡು ವಾರ ಕೈಯಲ್ಲಿ ತಿದ್ದಿದ್ದೇನೆ. ಒತ್ತಕ್ಷರ ಮೂಡಿಸುವ ನಮ್ಮ ಹಲಂತ ಚಿಹ್ನೆಯ (್) ಕೊನೆಯ ಬೈಟ್ '8ಡಿ'. ಆ ಸಾಧನಗಳು ಬಳಸುವ ವಿಂಡೋಸ್‌ನ 1252 ಅಕ್ಷರ ಪಟ್ಟಿಯಲ್ಲಿ ಅದಕ್ಕೆ ಅಕ್ಷರವೇ ಇಲ್ಲ, ಆದ್ದರಿಂದ ಹಲವು ಸಾಧನಗಳು ಅದನ್ನು ಬಿಸಾಡುತ್ತವೆ. ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ಅದನ್ನು ಉಳಿಸಿಕೊಳ್ಳುತ್ತದೆ.

ಇದು ಮುಗಿಯುವ ತನಕ ಹೊಸ ತಾಣದಲ್ಲಿ ಒಂದು ಪದವನ್ನೂ ಸೇರಿಸಬೇಡಿ. ಸರಿಯಾದುದೂ ಕೆಟ್ಟದ್ದೂ ಒಂದೇ ಕೋಷ್ಟಕದಲ್ಲಿ ಬೆರೆತರೆ ಬಿಡಿಸುವುದು ಬಹಳ ಕಷ್ಟ. ಹೆಕ್ಸ್ ಫಲಿತಾಂಶವನ್ನು ಇಲ್ಲಿ ಹಾಕಿ, ಇಂದು ರಾತ್ರಿಯೇ ನೋಡುತ್ತೇನೆ.